ಬ್ಯಾಡ ಅನ್ನೋದು ಕಲಿಸ್ಲಿಕ್ಕ ಹೋಗಿ

ಸಾರಿನ ಬಕೀಟು ಬರೋತನಕ ಜರಾ ತಡೀರಿ. ಅದು ಲೇಟಾಗಿ ಬರ್ತದ. ಅದಕ್ಕಿಂತ ಮೊದ್ಲು ಒಂದ್ ಝೆರಾಕ್ಸ್ ಮಷೀನು, ಬಚ್ಚಲದ ಕಲ್ಲು, ಒಂದ್ ಕಪ್ ಚಾ ಸಲುವಾಗಿ ಆದ ರಂಪಾಟ ಎಲ್ಲಾ ಬರ್ತಾವ. ನಡುವ ಎದ್ದು ಹೋದ್ರ ಬಕೀಟು ಯಾಕ್ ಬಂತು ಅಂತ ತಿಳಿಯಂಗಿಲ್ಲ.

ಮನಸ್ಸಿನ ಪಾಠ ಹೇಳೋ ವಿಷಯದಾಗ ನಾನೇನೂ ಕಾಲೇಜು ಓದಿದಾವಲ್ಲ. ವಾಡಿ ಸ್ಟೇಶನ್ ರೋಡಿನಾಗ ಒಂದ್ ಝೆರಾಕ್ಸ್ ಅಂಗಡ್ಯಾಗ ಕೆಲಸ ಮಾಡ್ತೀನಿ. ಶಹಾಬಾದಿನಾಗ ಕುಡಿಯೋದು ಬಿಡಿಸೋ ಒಂದ್ ಕೇಂದ್ರ ಅದ, ಎಲ್ಲಾರೂ ಬರೇ ಸೆಂಟರ್ ಅಂತಾರ. ಅಲ್ಲಿ ಪಾಠ ಹೇಳೋ ಮೇಡಂ ಒಬ್ರು ಆಗಾಗ ಕಾಗದ ಕಾಪಿ ಮಾಡಿಸ್ಲಿಕ್ಕ ನಮ್ಮ ಅಂಗಡಿಗಿ ಬರ್ತಿದ್ರು. ಜೀವನ ಕೌಶಲ್ಯ, ಆತ್ಮಗೌರವ, ಸಿಟ್ಟು ಬಂದ್ರ ಏನ್ ಮಾಡ್ಬೇಕು, ಮನಸ್ಸು ಕುಸುದ್ರ ಯಾರಿಗಿ ಹೇಳ್ಬೇಕು, ಇಂಥವು. ಮಷೀನು ಒಂದೊಂದ್ ಹಾಳಿ ಹೊರಗ ಹಾಕ್ತಿದ್ದಂಗ ನಾನು ಒಂದೊಂದ್ ಓದ್ತಿದ್ದೆ. ಒಂದ್ ಹಾಳ್ಯಾಗ ಹತ್ತು ಪ್ರಶ್ನಿ ಇದ್ವು, ನಿಮ್ಮ ಬಗ್ಗೆ ನಿಮಗ ಏನ್ ಅನಸ್ತದ ಅಂತ. ಒಂದ್ ಕಾಪಿ ಜಾಸ್ತಿ ತಗ್ದು ನಾನೇ ತುಂಬಿ ನೋಡ್ದೆ. ಎಷ್ಟ್ ಮಾರ್ಕ್ಸ್ ಬಂತು ಹೇಳಂಗಿಲ್ಲ. ಆಮ್ಯಾಲ ಫೋನಿನಾಗ ವಿಡಿಯೋ ನೋಡೋದು, ಮೇಡಂ ಕಡಿಂದ ಪುಸ್ತಕ ಇಸ್ಕೊಳ್ಳೋದು ಚಾಲೂ ಆಯ್ತು.

ಒಂದಿನ ಮೇಡಂ ಅಂದ್ರು, "ನೀ ಕಾಪಿ ಮಾಡೋದ್ಕಿಂತ ಓದೋದೇ ಜಾಸ್ತಿ ಆಗ್ಯಾದಲ್ಲಪಾ. ರವಿವಾರ ಸೆಂಟರಿಗಿ ಬಾ, ಕುರ್ಚಿ ಹಾಕ್ಲಿಕ್ಕಾದ್ರೂ ಬೇಕಾಗ್ತೀ."

ಹೋದೆ. ಮೇಡಂಗ ಕಲಬುರಗಿಯಿಂದ ಪ್ರತಿ ರವಿವಾರ ಬರೋದು ಆಗ್ತಿರ್ಲಿಲ್ಲ. ಹಿಂಗಾಗಿ ಕುರ್ಚಿ ಹಾಕಾವ ಎರಡ್ ತಿಂಗಳಾಗ ಪಾಠ ಹೇಳಾವ ಆದೆ. ಅಲ್ಲಿ ಕುಂದ್ರೋರು ಹತ್ತು ಮಂದಿ, ಸೇಡಂದವ್ರು, ಚಿತ್ತಾಪುರದವ್ರು, ಶಹಾಬಾದದವ್ರು. ಎಲ್ಲಾರೂ ನನಗಿಂತ ದೊಡ್ಡವ್ರು. ನನಗ ಒಂದ್ ಹೆಸ್ರಿಟ್ರು, ಝೆರಾಕ್ಸ್ ಮಾಸ್ತರ.

ಅವರಾಗ ಒಬ್ಬರು ಪರಸಿ ಮೇಸ್ತ್ರಿ. ಶಹಾಬಾದ್ ಕಲ್ಲಿಗಿ ನಮ್ಮ ಕಡಿ ಪರಸಿ ಅಂತಾರ. ಮನಿ ಮನಿಗಿ ಹೋಗಿ ಅದನ್ನ ನೆಲಕ್ಕ ಕೂಡ್ಸೋದೇ ಅವರ ಜೀವನ. ವಯಸ್ಸು ಐವತ್ತರ ಮ್ಯಾಲ. ಕುಡಿಯೋದು ಬಿಟ್ಟು ಐದ್ ತಿಂಗಳಾಗಿತ್ತು. ಸೆಂಟರಿನಾಗ ಇರೋದು ಮುಗಿಸಿ ಮನಿಗಿ ಹೋಗಿದ್ರು, ರವಿವಾರ ಮಾತ್ರ ಬರ್ತಿದ್ರು. ನಾನು ಕಾಕಾ ಅಂತಿದ್ದೆ.

ಮೊದಲ್ನೇ ಪಾಠ, ನಿಮ್ಮಲ್ಲಿರೋ ಐದ್ ಛಲೋ ಗುಣ ಬರೀರಿ. ಅರ್ಧಾ ತಾಸು ಯಾರೂ ಪೆನ್ ಎತ್ಲಿಲ್ಲ.

"ನನ್ನ ಬಗ್ಗೆ ನಾನೇ ಛಲೋ ಬರ್ಕೊಳ್ಳೋದಾ? ಮಂದಿ ನಗ್ತಾರ," ಅಂದ್ರು ಸೇಡಂದ ಟ್ರ್ಯಾಕ್ಟರ್ ಡ್ರೈವರ್ ಒಬ್ಬರು. "ನನ್ನ ಹೆಣ್ತಿ ಕಡಿಂದ ಬರ್ಸ್ಕೊಂಡು ಬರ್ತೀನಿ ತಡಿ ಮಾಸ್ತರ. ಆದ್ರ ಅಕಿ ಐದಲ್ಲ, ಐವತ್ತು ಬರೀತಾಳ. ಎಲ್ಲಾ ಉಲ್ಟಾ."

ಮೇಸ್ತ್ರಿ ಕಾಕಾ ಕೊನಿಗಿ ಒಂದೇ ಸಾಲು ಬರ್ದು ಕೊಟ್ರು: "ನಾ ಹಾಕಿದ ಪರಸಿ ಮ್ಯಾಲ ನೀರ್ ನಿಂದ್ರಂಗಿಲ್ಲ."

ಇನ್ನಾ ನಾಲ್ಕು ಬರೀರಿ ಅಂದೆ. "ಇದೊಂದೇ ಖರೆ ಅದ ತಮ್ಮಾ," ಅಂದ್ರು.

ಈಗ ಅವರ ಮಗಳ ವಿಷಯ ಹೇಳ್ಬೇಕು. ಒಬ್ಬಾಕಿನೇ ಮಗಳು. ಚಿಂಚೋಳಿ ತಾಲೂಕಿನಾಗ ಕುಂಚಾವರಂ ಕಡಿ ಒಂದ್ ಊರಿಗಿ ಕೊಟ್ಟಿದ್ರು. ಏಳ್ ತಿಂಗಳ ಬಸರಿ. ಗಂಡನ ಮನ್ಯಾಗ ಕುಬಸ, ಅಂದ್ರ ಸೀಮಂತ, ಮಾಡ್ಲಿಕ್ಕ ದಿನ ಇಟ್ಟಿದ್ರು. ಕುಬಸ ಮುಗಿದ ಮ್ಯಾಲ ಮೊದಲ್ನೇ ಹೆರಿಗಿಗಿ ತವರಿಗಿ ಕರ್ಕೊಂಡ್ ಬರೋದು ರೂಢಿ. ಮಗಳು ಅವ್ವಗ ಫೋನ್ ಮಾಡಿ ಹೇಳಿದ್ಲಂತ: "ಅಪ್ಪ ಕುಬಸದಾಗ ಒಂದ್ ಗುಟುಕು ಕುಡುದ್ರೂ ನಾ ಬರಂಗಿಲ್ಲ. ಇಲ್ಲೇ ಹಡೀತೀನಿ. ಕೂಸಿನ ಮುಂದ ಅದು ಎಲ್ಲಾ ನನಗ ಬ್ಯಾಡ."

ಕಾಕಾ ಇದನ್ನ ಕ್ಲಾಸಿನಾಗ ಹೇಳ್ದಾಗ ಮುಖ ಮ್ಯಾಲ ಏನೂ ಇರ್ಲಿಲ್ಲ. ಬಸ್ಸಿನ ಟೈಮು ಹೇಳ್ದಂಗ ಹೇಳಿದ್ರು.

ಕುಡಿಯೋದು ಬಿಟ್ಟ ಮ್ಯಾಲ ಮುಂಜಾನಿ ಹೊತ್ತೇ ಭಾಳ ಕಷ್ಟ ಅಂತಿದ್ರು ಅವ್ರು. ಎದ್ದ ಕೂಡ್ಲೆ ಎದಿ ಮ್ಯಾಲ ಯಾರೋ ಪರಸಿ ಇಟ್ಟಂಗ. ಗ್ವಾಡಿ ನೋಡ್ಕೋತ ಕುಂದ್ರೋದು. ನಾ ಯಾತಕ್ಕೂ ಬ್ಯಾಡಾದಾವ ಅನ್ಸೋದು. ಅದಕ್ಕ ಡಾಕ್ಟ್ರು ಗುಳಿಗಿ ಕೊಟ್ಟಿದ್ರು, ತಗೋತಿದ್ರು. ಇಂಥಾದ್ರಾಗ ಮನಿ ಬಚ್ಚಲ ಕಿತ್ತಿ ಹಾಕಿ ಹೊಸಾ ಕಲ್ಲು ಕೂಡ್ಸ್ಲಿಕ್ಕ ಶುರು ಮಾಡಿದ್ರು. ಬಾಣಂತಿಗಿ ದಿನಾ ಬಿಸಿನೀರು ಎರೀಬೇಕಲ್ಲ, ಕಾಲು ಜಾರಬಾರ್ದು ಅಂತ. ನಾ ಒಮ್ಮೆ ನೋಡ್ಲಿಕ್ಕ ಹೋದೆ. ಒಂದ್ ಕೊಡ ನೀರ್ ಸುರುವಿದ್ರು. ನೀರು ಹೋಯ್ತು, ಆದ್ರ ಒಂದ್ ಮೂಲ್ಯಾಗ ಅಂಗೈಯಷ್ಟು ನಿಂತಿತ್ತು.

"ಕೈ ನಡಗ್ತದ," ಅಂದ್ರು. ಅಷ್ಟ್ ಅಂದು ನಾಲ್ಕು ಕಲ್ಲು ಎಬ್ಸಿ ಹಾಕಿದ್ರು.

ಆ ವಾರದ ಪಾಠ, ಬ್ಯಾಡ ಅನ್ನೋದು ಹ್ಯಾಂಗ. ಕಾಗದದಾಗ ಸಾಫ್ ಬರ್ದಿತ್ತು. ಕಣ್ಣಾಗ ಕಣ್ಣಿಟ್ಟು ನೋಡ್ರಿ. ಒಂದೇ ಮಾತಿನಾಗ ಬ್ಯಾಡ ಅನ್ರಿ. ಕಾರಣ ಹೇಳಬ್ಯಾಡ್ರಿ. ನಾನು ಗ್ಲಾಸಿನಾಗ ನೀರ್ ಹಿಡ್ಕೊಂಡು ದೋಸ್ತನ ಪಾರ್ಟು ಮಾಡ್ದೆ. "ಏ ದೋಸ್ತ, ಒಂದೇ ಒಂದು ತಗೋ."

ಡ್ರೈವರ್ ನನ್ನ ಕಣ್ಣು ನೋಡಿ "ಬ್ಯಾಡ" ಅಂದು ತಾವೇ ನಕ್ಕುಬಿಟ್ರು. "ಮಾಸ್ತರ, ನೀ ದೋಸ್ತನಂಗ ಕೇಳ್ಲಿಕತ್ತಿಲ್ಲ. ಆಧಾರ್ ಕಾರ್ಡ್ ಕೇಳ್ದಂಗ ಕೇಳ್ಲಿಕತ್ತಿ."

ಮೇಸ್ತ್ರಿ ಕಾಕಾ ಮಾತ್ರ ಛಂದ ಮಾಡಿದ್ರು. ನನಗ ಭಾಳ ಹುರುಪು ಬಂತು. ವಾರ ಪೂರ್ತಿ ಸಣ್ಣ ಸಣ್ಣ ವಿಷಯದಾಗ ರೂಢಿ ಮಾಡ್ರಿ ಅಂತ ಹೋಂವರ್ಕ್ ಕೊಟ್ಟೆ. ತಪ್ಪಾಗಿದ್ದು ಇಲ್ಲೇ.

ಕಾಕಾ ಚಿತ್ತಾಪುರಕ್ಕ ಅವರಕ್ಕನ ಮನಿಗಿ ಹೋಗಿದ್ರು. ಅಕ್ಕ ಚಾ ತಂದ್ಲು. ಇವ್ರು ಕಣ್ಣಾಗ ಕಣ್ಣಿಟ್ಟು ನೋಡಿ, "ಬ್ಯಾಡ. ನನಗ ಬೇಕಾಗಿಲ್ಲ," ಅಂದ್ರು. ಅಕ್ಕ ಕಪ್ ಕೆಳಗಿಟ್ಟು ಒಳಗ ಹೋದ್ಲು. ಅಕ್ಕನ ಗಂಡ ಕೇಳಿದ್ರಂತ, "ಯಾಕಪಾ, ನಮ್ಮ ಮನಿ ಚಾ ನಿನಗ ಕಡಿಮಿ ಆಯ್ತೇನು?" ಕಾರಣ ಹೇಳಬ್ಯಾಡ್ರಿ ಅಂತ ನಾನೇ ಹೇಳಿದ್ನಲ್ಲ, ಇವ್ರು ಹೇಳ್ಲಿಲ್ಲ. ಸಂಜಿಮುಂದ ಅಕ್ಕ ಕಾಕಾನ ಹೆಣ್ತಿಗಿ ಫೋನ್ ಮಾಡಿ ಅತ್ಲು, ನಾ ಏನ್ ತಪ್ಪು ಮಾಡ್ದೆ ಅಂತ. ಮೂರ್ ದಿನ ಫೋನೇ ಫೋನು.

ಮುಂದಿನ ರವಿವಾರ ಕಾಕಾ ಬಂದವ್ರೇ, "ತಮ್ಮಾ, ನಿನ್ನ ಕಾಗದ ನಮ್ಮಕ್ಕನ್ನ ಅಳಿಸ್ತು," ಅಂದ್ರು. ಎಲ್ಲಾರೂ ಹೊಟ್ಟಿ ಹಿಡ್ಕೊಂಡು ನಕ್ರು. ನಾನೂ ನಕ್ಕೆ. ನಕ್ಕು ಮುಗಿದ ಮ್ಯಾಲ ಕಾಕಾ ಕೇಳಿದ್ರು.

"ನಮ್ಮ ಕಡಿ ಎರಡ್ ಸಲ ಬ್ಯಾಡ ಅನ್ನೋದು ಮರ್ಯಾದಿ. ಮೂರನೇ ಸಲ ಕೇಳ್ತಾರ, ಆಗ ತಗೋಬೇಕು. ಮೂರನೇ ಸಲಾನೂ ಬ್ಯಾಡ ಅಂದ್ರ ನೀನೇ ಬ್ಯಾಡ ಅಂದಂಗ. ಕುಬಸದಾಗ ಬೀಗ್ರು ಸೇಂದಿ ಗಡಿಗಿ ಮುಂದಿಟ್ಕೊಂಡು ಕುಂದ್ರತಾರ. ಒಲ್ಲೆ ಅಂದ್ರ ಅವರಿಗಿ ಅವಮಾನ, ಅದನ್ನ ನನ್ನ ಮಗಳು ಅನುಭವಿಸ್ಬೇಕು. ಹೂಂ ಅಂದ್ರ ಮಗಳು ಬರಂಗಿಲ್ಲ. ಈಗ ಹೇಳು ಮಾಸ್ತರ."

"ಡಾಕ್ಟ್ರು ಬ್ಯಾಡ ಅಂದಾರ ಅನ್ರಿ," ಅಂದೆ.

"ಡಾಕ್ಟ್ರು ಇಲ್ಲಿ ನೋಡ್ಲಿಕ್ಕ ಬರ್ತಾರೇನು ಅಂತಾರ."

"ಹೋಗ್ಲೇಬ್ಯಾಡ್ರಿ."

"ಕುಬಸಕ್ಕ ಅಪ್ಪ ಬರ್ಲಿಲ್ಲ ಅಂದ್ರ ಅಕಿ ತಲಿ ಎತ್ತಿ ತಿರುಗ್ಬೇಕೋ ಬ್ಯಾಡೋ?"

ಎರಡ್ ದಿನ ಫೋನಿನಾಗ ಹುಡುಕ್ದೆ. ಬೀಗ್ರ ಸುದ್ದಿ ಯಾವ ವಿಡಿಯೋದಾಗೂ ಇರ್ಲಿಲ್ಲ. ಮೇಡಂಗ ಕೇಳ್ದೆ. "ಅವರಿಗೇ ಕೇಳಪಾ, ಅವರ ಮಂದಿ ಅವರಿಗೇ ಗೊತ್ತು," ಅಂದ್ರು. ಆಗ ಅದು ನನಗ ಜಾರ್ಕೊಳ್ಳೋ ಮಾತು ಅನ್ಸಿತ್ತು.

ಕುಬಸದ ದಿನ ಕಾಕಾ ನನ್ನೂ ಕರ್ದ್ರು. ಓಣಿ ಹುಡುಗ ಅಂತ ಹೇಳ್ತೀನಿ ಬಾ ಅಂದ್ರು. ಬಾಡಿಗಿ ಜೀಪಿನಾಗ ಚಿತ್ತಾಪುರ, ಸೇಡಂ, ಚಿಂಚೋಳಿ ದಾಟಿ ಹೋದ್ವಿ. ಕಾಕಾನ ಹೆಣ್ತಿ ತೊಡಿ ಮ್ಯಾಲ ಸೀರಿ, ಹೂವು, ಬುತ್ತಿ ಗಂಟು. ಕಾಡು ಶುರು ಆದ ಮ್ಯಾಲ ಜೀಪಿನ ರೇಡಿಯೋ ಬಂದಾಯ್ತು.

ಹೆಣ್ಮಕ್ಕಳು ಒಳಗ ಉಡಿ ತುಂಬ್ಲಿಕತ್ತಿದ್ರು. ಗಂಡಸರು ಹಿತ್ಲ ಕಡಿ ಹುಣಸಿ ಗಿಡದ ಕೆಳಗ. ಅಲ್ಲೇ ಗಡಿಗಿ, ಸ್ಟೀಲ್ ಗ್ಲಾಸು. ಪಕ್ಕಕ್ಕ ಊಟದ ಪಂಕ್ತಿ ಹಾಕ್ಲಿಕತ್ತಿದ್ರು, ಹೋಳಗಿ, ಅನ್ನ, ಕಟ್ಟಿನ ಸಾರು. ಒಳಗಿನ ಬಾಗ್ಲದಾಗಿಂದ ಹಿತ್ಲ ಪೂರ್ತಿ ಕಾಣ್ತಿತ್ತು. ಮಗಳು ಹಸಿರು ಸೀರಿ ಉಟ್ಕೊಂಡು ಆ ಬಾಗ್ಲಕ್ಕ ಮುಖ ಮಾಡೇ ಕುಂತಿದ್ಲು.

"ಬರ್ರಿ ಬೀಗ್ರ, ಕುಂದರ್ರಿ," ಅಂತ ಬೀಗ್ರು ಎದ್ದು ಬಂದು ಕೈ ಹಿಡ್ದು ಕುಂದ್ರಿಸಿದ್ರು. ಗ್ಲಾಸು ತುಂಬಿ ಮುಂದಿಟ್ರು.

"ಬ್ಯಾಡ್ರಿ ಬೀಗ್ರ."

"ಏ, ನಾಚ್ಕೋಬ್ಯಾಡ್ರಿ. ಗಿಡದಿಂದ ಮುಂಜಾನಿನೇ ಇಳಿಸ್ಯಾರ."

"ಬ್ಯಾಡ್ರಿ."

ಬಾಜೂಕ ಕುಂತಿದ್ದ ತೆಲುಗು ಕಡಿ ನೆಂಟ ಒಬ್ಬ ಬೆರಳಾಗ ಚೂರೇ ಚೂರು ಅಂತ ತೋರಿಸಿ, "ಕೊಂಚಂ ಬಾವಾ, ಕೊಂಚಂ," ಅಂದ. ಬೀಗ್ರು ಮೂರನೇ ಸಲ ಕೇಳ್ಲಿಕ್ಕ ಗ್ಲಾಸು ಕೈಯಾಗ ತಗೊಂಡ್ರು. ನಾನು ಮನಸಿನಾಗ ಕಾಗದ ಓದ್ಲಿಕತ್ತಿದ್ದೆ, ಕಣ್ಣಾಗ ಕಣ್ಣಿಡ್ರಿ, ಕಣ್ಣಾಗ ಕಣ್ಣಿಡ್ರಿ. ಕಾಕಾ ಯಾರ ಕಣ್ಣೂ ನೋಡ್ಲಿಲ್ಲ. ಎದ್ದು ನಿಂತ್ರು. ಸೀದಾ ಪಂಕ್ತಿ ಕಡಿ ನಡ್ದು, ಬಡಸ್ಲಿಕತ್ತಿದ್ದವನ ಕೈಯಾಗಿನ ಸಾರಿನ ಬಕೀಟು ಇಸ್ಕೊಂಡ್ರು.

"ಅಯ್ಯ ಬೀಗ್ರ, ನೀವ್ಯಾಕ್ರಿ! ನೀವು ಕುಂತು ಉಣ್ಣೋರು," ಅಂತ ಬೀಗ್ರು ಗ್ಲಾಸು ಹಿಡ್ಕೊಂಡೇ ಹಿಂದ ಬಂದ್ರು.

"ನನ್ನ ಮಗಳ ಕುಬಸ. ನಾ ಬಡಿಸ್ಬೇಕು ಅನ್ಸ್ಯಾದ್ರಿ. ಇಷ್ಟ್ ನಡಿಸಿ ಕೊಡ್ರಿ."

ನಮ್ಮ ಕಡಿ ಬಡಿಸೋರಿಗಿ ಯಾರೂ ಒತ್ತಾಯ ಮಾಡಂಗಿಲ್ಲ. ಅವ್ರು ಉಣ್ಣೋದು, ಕುಡಿಯೋದು ಎಲ್ಲಾ ಆಖರಿಗಿ. ಬೀಗ್ರು ನಕ್ಕು, "ಹೆಣ್ಣಿನ ಅಪ್ಪ ಅಂದ್ರ ಹಿಂಗಿರ್ಬೇಕು ನೋಡ್ರಿ," ಅಂತ ಮಂದಿ ಕಡಿ ತಿರುಗಿ ಹೇಳಿ, ಆ ಗ್ಲಾಸು ತಾವೇ ಕುಡುದ್ರು.

ಬಕೀಟು ವಜ್ಜ ಇತ್ತು. ಕಾಕಾನ ಕೈ ನಡಗ್ಲಿಕತ್ತಿತ್ತು. ಒಬ್ಬನ ಹೋಳಗಿ ಮ್ಯಾಲ ಸಾರು ಚೆಲ್ತು. ಅವ ತಲಿ ಎತ್ತಿ, ಪಂಕ್ತಿಗೆಲ್ಲಾ ಕೇಳೋಹಂಗ ಅಂದ: "ಬೀಗ್ರು ಸೆಂಟರಿಗಿ ಹೋಗಿ ಬಂದಾರಂತಲ್ಲ? ಅದಕ್ಕೇನು ಈ ಕೈ ಹಿಂಗ?"

ಐದ್ ತಿಂಗಳ ಹಿಂದಿನ ಕಾಕಾ ಆಗಿದ್ರ ಒಂದೋ ಬಕೀಟು ಅವನ ತಲಿ ಮ್ಯಾಲ ಇರ್ತಿತ್ತು, ಇಲ್ಲಾ ಕಾಕಾ ಗಡಿಗಿ ಹತ್ರ ಇರ್ತಿದ್ರು. ಇದು ನನ್ನ ಮಾತಲ್ಲ, ಆಮ್ಯಾಲ ಅವ್ರೇ ಹೇಳಿದ್ದು.

"ಹೌದಪಾ, ಹೋಗಿದ್ದೆ," ಅಂದ್ರು ಕಾಕಾ. "ಇನ್ನೊಂದ್ ಸೌಟು ಹಾಕ್ಲ್ಯಾ?"

ಅವ ಹಾಕಿಸ್ಕೊಂಡ.

ನಾಲ್ಕು ಪಂಕ್ತಿ ಬಡಿಸಿದ್ರು. ಮೂರ್ ಗಂಟಿ ಮ್ಯಾಲ ಬಡಿಸೋರು ಉಣ್ಲಿಕ್ಕ ಕುಂತ್ರು, ನಾನೂ ಅವರ ಬಾಜೂಕ ಕುಂತೆ. ಅಷ್ಟೊತ್ತಿಗಿ ಗಡಿಗಿ ಖಾಲಿ, ಬೀಗ್ರು ಗಿಡದ ಕೆಳಗ ನಿದ್ದಿ.

ಮಗಳು ನೀರಿನ ಚೊಂಬು ಹಿಡ್ಕೊಂಡು ತಾನೇ ಹೊರಗ ಬಂದ್ಲು. ಹೊಟ್ಟಿ ಮ್ಯಾಲ ಒಂದ್ ಕೈ ಇಟ್ಕೊಂಡು ಭಾಳ ಹತ್ರ ಬಗ್ಗಿ ನೀರಿಟ್ಲು, ಹಂಗೇ ಒಂದ್ ಗಳಿಗಿ ಬಗ್ಗೇ ಇದ್ಲು. ಯಾಕಂತ ನನಗ ಕಾಕಾ ಮೊದ್ಲೇ ಹೇಳಿದ್ರು. ಸಣ್ಣಾಕಿ ಇದ್ದಾಗಿಂದ ಅಪ್ಪ ಮನಿಗಿ ಬಂದ ಕೂಡ್ಲೆ ನೀರ್ ಕೊಡೋ ನೆವದಾಗ ಹತ್ರ ಬಂದು ವಾಸನಿ ನೋಡ್ತಿದ್ಲಂತ. ವಾಸನಿ ಬಂದ್ರ ಅವತ್ತು ಬಾಜೂ ಮನ್ಯಾಗ ಮಲಗ್ಲಿಕ್ಕ ಹೋಗ್ತಿದ್ಲು. ಕಾಕಾ ತಲಿ ಬಗ್ಗಿಸಿ ಅನ್ನ ಕಲಸ್ಕೋತ ಕುಂತ್ರು. ಉಸಿರು ಮಾತ್ರ ಬಾಯಿಲೆ ಜೋರ್ ಬಿಟ್ರು.

ಮಗಳು ನೆಟ್ಟಗ ನಿಂತ್ಲು.

"ಅಪ್ಪಾ, ಬಚ್ಚಲ ಮುಗೀತೇನು?"

"ಮುಗೀತವ್ವಾ. ನೀರ್ ನಿಂದ್ರಂಗಿಲ್ಲ."

"ಹಂಗಾದ್ರ ನನ್ನ ಚೀಲ ಜೀಪಿನಾಗ ಇಡು."

ಅಷ್ಟೇ. ಅಕಿ ಶಹಾಬಾದಿಗಿ ಬಂದ್ಲು, ಅಲ್ಲೇ ಹಡದ್ಲು. ಹೆಣ್ಣು ಕೂಸು.

ನಾನು ಆ ಕಾಗದ ಈಗೂ ಕಾಪಿ ಮಾಡ್ತೀನಿ, ಅದ್ರಾಗ ತಪ್ಪೇನಿಲ್ಲ. ಆದ್ರ ಕೆಳಗ ನಾಲ್ಕು ಸಾಲು ಜಾಗ ಖಾಲಿ ಬಿಟ್ಟೀನಿ, ಕ್ಲಾಸಿನವ್ರು ತಮ್ಮ ತಮ್ಮ ಊರಿನ ಉಪಾಯ ಬರೀಲಿ ಅಂತ. ಕಾಕಾ ಪೂರ್ತಿ ಗೆದ್ದಾರ ಅಂತ ಹೇಳ್ಲಿಕ್ಕ ನನಗ ಆಗಂಗಿಲ್ಲ. ಹೋದ ರವಿವಾರ ಕೇಳಿದ್ರು: "ಕುಬಸದಾಗ ಬಕೀಟು ಸಿಕ್ತು ತಮ್ಮಾ. ಕೆಲಸ ಮುಗಿಸಿ ಬರೋವಾಗ ದಾರ್ಯಾಗ ದೋಸ್ತರು ನಿಂದ್ರಸ್ತಾರ. ಅಲ್ಲಿ ಯಾವ ಬಕೀಟು ಹಿಡೀಲಿ?"

ಆ ಪ್ರಶ್ನಿ ನಾ ಹಾಳ್ಯಾಗ ಬರ್ಕೊಂಡು ಬಂದೀನಿ. ಈಗ ಅದನ್ನೇ ನಿಮಗ ಕೇಳ್ಲಿಕತ್ತೀನಿ. ನೀವಾಗ್ಲಿ, ನಿಮ್ಮ ಮನ್ಯಾಗಿನವರಾಗ್ಲಿ ಯಾರ ಮನಸ್ಸೂ ನೋಯಿಸ್ದೆ ಗ್ಲಾಸು ದಾಟಿ ಬಂದಿದ್ರ, ಏನ್ ಅಂದ್ರಿ, ಏನ್ ಮಾಡಿದ್ರಿ, ಕೆಳಗ ಬರೀರಿ. ದಾಟ್ಲಿಕ್ಕ ಆಗ್ದೇ ಹೋಗಿದ್ರ ಅದನ್ನೂ ಬರೀರಿ. ರವಿವಾರ ಮುಂಜಾನಿ ಅಂಗಡಿ ತಗ್ದ ಕೂಡ್ಲೆ ನೀವು ಬರ್ದಿದ್ದರ ಹತ್ತು ಕಾಪಿ ತಗೊಂಡು ಶಹಾಬಾದಿಗಿ ಹೋಗ್ತೀನಿ. ಕಾಕಾ ಮೊದಲ್ನೇ ಕುರ್ಚಿ ಮ್ಯಾಲೇ ಕುಂತಿರ್ತಾರ.