ಬಲಗೈಗೆ ಬಂದ ಅಂಕಗಳು

ಮಹಡಿಮನೆಗಳಲ್ಲಿ ಬಾಳುವವರಿಗೆ ತಮ್ಮ ಆಕಾಶವೆಂಬುದು ಇನ್ನೊಬ್ಬರ ನೆಲ ಎಂಬ ತತ್ತ್ವವನ್ನು ತಿಳಿಸಲು ಯಾವ ಉಪನಿಷತ್ತೂ ಬೇಕಿಲ್ಲ. ಮೇಲಿನ ಮನೆಯವರು ಒಂದು ಸ್ಟೂಲನ್ನು ಎಳೆದರೆ ಸಾಕು. ದೆಹಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಹದಿನೆಂಟು ವರ್ಷ ಕಳೆದಿದ್ದ ನಾನು ಛಾವಣಿಯ ಸದ್ದುಗಳಲ್ಲಿ ಸಾಕಷ್ಟು ದೊಡ್ಡ ಪಂಡಿತೆಯೇ ಆಗಿಬಿಟ್ಟಿದ್ದೆ. ಬಿದ್ದದ್ದು ಸೌಟೋ ಲಟ್ಟಣಿಗೆಯೋ, ಸರಿಸಿದ್ದು ಕುರ್ಚಿಯೋ ಕಪಾಟೋ ಎಂದು ಪುಸ್ತಕದಿಂದ ತಲೆಯೆತ್ತದೆ ಹೇಳಬಲ್ಲವಳಾಗಿದ್ದೆ. ಆದರೆ ಆ ಚಳಿಗಾಲದಲ್ಲಿ ದಿನಾ ಸಂಜೆ ಶುರುವಾಗುತ್ತಿದ್ದ 'ಧಪ್, ಧಪ್ಪಧಪ್' ಮಾತ್ರ ನನ್ನ ಪಾಂಡಿತ್ಯಕ್ಕೆ ದಕ್ಕಲಿಲ್ಲ. ರೊಟ್ಟಿ ಬಡಿಯುತ್ತಿದ್ದಾರೆನ್ನೋಣವೆಂದರೆ ಅಷ್ಟೊಂದು ರೊಟ್ಟಿ ತಿನ್ನುವ ಸಂಸಾರ ಅಲ್ಲಿರಲಿಲ್ಲ. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದವಳು ಹುಬ್ಬಳ್ಳಿಯ ನಫೀಸಾ, ನೋಯ್ಡಾದ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ಒಂಟಿ ಹೆಣ್ಣುಮಗಳು.

ಶಬ್ದವೇ ನನ್ನ ಕಸುಬು. ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಕಲಿಸುವವಳು ನಾನು. ಶಬ್ದ ಎಂದರೆ ಪದವೂ ಹೌದು, ಸದ್ದೂ ಹೌದು ಎಂದು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹೇಳಿ, ಅದೇ ಹಳೆಯ ನಗುವನ್ನು ನಕ್ಕು, ವಿದ್ಯಾರ್ಥಿಗಳೂ ನಗಲಿ ಎಂದು ಕಾಯುವ ಜಾತಿಯ ಮೇಷ್ಟ್ರು. ಇಂಥವಳಿಗೂ ಆ ಸಂಜೆಯ ಸದ್ದು ಸಹನೆ ಕೆಡಿಸಿತು. ದೂರು ಹೇಳಲೇಬೇಕೆಂದು ಸೆರಗು ಸರಿಪಡಿಸಿಕೊಂಡು ಹೊರಟವಳನ್ನು ತಡೆದದ್ದು ನನ್ನ ಗಂಡನ ದನಿ.

"ಕಾಲು ಓಡ್ತಿದೆ," ಎಂದರು.

ರುದ್ರಮೂರ್ತಿಯವರ ವಿಷಯ ಇಲ್ಲಿ ಹೇಳಿಬಿಡಬೇಕು. ಮೂರು ತಿಂಗಳ ಹಿಂದೆ, ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದಾಗಲೇ, ಇವರಿಗೆ ಲಕ್ವ ಹೊಡೆದಿತ್ತು. ಮಾತು ಉಳಿಯಿತು, ಕಾಲು ಬಹುಪಾಲು ಮರಳಿತು. ಬಲಗೈ ಮಾತ್ರ ಮನೆಗೆ ಬಂದ ದೂರದ ನೆಂಟನಂತೆ ತೊಡೆಯ ಮೇಲೆ ಸುಮ್ಮನೆ ಕುಳಿತಿರುತ್ತಿತ್ತು. ಫಿಸಿಯೋಥೆರಪಿಯವರು ಕೊಟ್ಟ ಹಳದಿ ರಬ್ಬರ್ ಚೆಂಡನ್ನು ದಿನಕ್ಕೆ ನೂರು ಸಲ ಹಿಚುಕಬೇಕಿತ್ತು. ಇವರು ಅದನ್ನು ನೋಡುತ್ತಲೂ ಇರಲಿಲ್ಲ. ಸರಕಾರಿ ಕಚೇರಿಯ ಕುರ್ಚಿಗೆ ಬರುವ ಮೊದಲು ದಾವಣಗೆರೆಯಲ್ಲಿ ಮದುವೆ, ಗಣಪತಿ ಹಬ್ಬಗಳ ಆರ್ಕೆಸ್ಟ್ರಾದಲ್ಲಿ ಆರು ವರ್ಷ ಡ್ರಮ್ಸ್ ಬಾರಿಸಿದ್ದ ಮನುಷ್ಯ ಅವರು. ಆ ಸುದ್ದಿ ಮುಚ್ಚಿಟ್ಟೇ ಅವರ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಮೊದಲೇ ಹೇಳಿದ್ದರೆ ಇನ್ನೂ ಬೇಗ ಒಪ್ಪುತ್ತಿದ್ದೆ.

"ಕಾಲು ಓಡೋದು ಅಂದ್ರೆ?" ಎಂದೆ.

"ಮೇಲೆ ಯಾರೋ ಡ್ರಮ್ಸ್ ಹೊಡೀತಿದ್ದಾರೆ. ಮೂರನೇ ಪೆಟ್ಟು ಮುಂಚೆ ಬೀಳ್ತಿದೆ. ಹೇಳು ಅವರಿಗೆ, ಅವಸರ ಬೇಡ ಅಂತ."

ಮೂರು ತಿಂಗಳಲ್ಲಿ ಅವರಾಗಿ ಆಡಿದ ಅತ್ಯಂತ ಉದ್ದದ ಮಾತು ಅದು. ನಾನು ದೂರನ್ನು ಕೆಳಗೇ ಬಿಟ್ಟು, ಆ ಸಂದೇಶವೊಂದನ್ನೇ ಹೊತ್ತುಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದ ನಫೀಸಾಳ ಕೊರಳಲ್ಲಿ ಹೆಡ್‌ಫೋನ್ ಇತ್ತು. ಅವಳ ಹಿಂದೆ, ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ತಟ್ಟೆಗಳಂಥ ಕರಿಯ ರಬ್ಬರ್ ಪ್ಯಾಡುಗಳನ್ನು ಸಿಕ್ಕಿಸಿದ ಒಂದು ವಿಚಿತ್ರ ವೃಕ್ಷ, ಅದರ ಪಕ್ಕಕ್ಕೆ ಗುಂಡಿಗಳಿದ್ದ ಒಂದು ಪುಟ್ಟ ಪೆಟ್ಟಿಗೆ. "ಅಯ್ಯ, ಕೆಳಗ ಕೇಳಸ್ತದೇನ್ರಿ ಆಂಟಿ? ಸಾರಿ ರೀ. ಇದು ಎಲೆಕ್ಟ್ರಾನಿಕ್ ಡ್ರಮ್ಸ್, ಸದ್ದ ಎಲ್ಲಾ ಹೆಡ್‌ಫೋನ್‌ನ್ಯಾಗ ಇರ್ತದ ಅಂತ ತಿಳ್ಕೊಂಡಿದ್ದೆ," ಎಂದು ಅದನ್ನು ನನ್ನ ಕಿವಿಗೇ ಇಟ್ಟಳು. ಒಂದು ಪ್ಯಾಡನ್ನು ಕೋಲಿನಿಂದ ತಟ್ಟಿದಳು. ಇಡೀ ಕಲ್ಯಾಣಮಂಟಪವೇ ನನ್ನ ತಲೆಯೊಳಗೆ ತೆರೆದುಕೊಂಡಿತು! ಸಂಗೀತವೆಲ್ಲ ಅವಳ ಕಿವಿಗೆ, ಕಾಲಲ್ಲಿ ತುಳಿಯುವ ಪೆಡಲಿನ ಪೆಟ್ಟು ಮಾತ್ರ ನಮ್ಮ ನೆತ್ತಿಗೆ ಎಂಬ ಹಂಚಿಕೆ ನನಗೆ ಆಗ ಅರ್ಥವಾಯಿತು. ಗಂಡನ ಸಂದೇಶ ತಲುಪಿಸಿದೆ. ಅವಳು ಬೆರಗಾಗಿ, "ಖರೇನ ಓಡ್ತದ ರೀ, ಮೂರನೇದು! ಯಾರ್ರಿ ಹೇಳಿದ್ದು?" ಎಂದಳು.

ಮರುದಿನ ಸಂಜೆ ಇವರು ಗೋಡೆ ಹಿಡಿದು ಹದಿನಾರು ಮೆಟ್ಟಿಲು ಹತ್ತಿದರು. ಆಸ್ಪತ್ರೆಯಿಂದ ಬಂದ ಮೇಲೆ ತಾವಾಗಿ ಹೊಸ್ತಿಲು ದಾಟಿದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕುಳಿತು ಎಡಗೈಯಲ್ಲಿ ಹೊಡೆದರು. ನಫೀಸಾ ಹೆಡ್‌ಫೋನಿನ ಬದಲು ಸಿಕ್ಕಿಸಿದ್ದ ಪುಟ್ಟ ಸ್ಪೀಕರಿನಿಂದ ಸದ್ದು ಚಿಮ್ಮಿತು. ಆಮೇಲೆ ನಫೀಸಾ ಬೆರಳುಗಳ ನಡುವೆ ಸಿಕ್ಕಿಸಿಕೊಟ್ಟ ಕೋಲನ್ನು ಬಲಗೈಯಲ್ಲಿ ಎತ್ತಿ, ಎತ್ತಿದಷ್ಟೇ ಎತ್ತರದಿಂದ ಬೀಳಿಸಿದರು. ಏನೂ ಕೇಳಲಿಲ್ಲ. ಮತ್ತೊಮ್ಮೆ. ಆಗಲೂ ಇಲ್ಲ. ತೀರಾ ಮೆಲ್ಲಗಿನ ಸ್ಪರ್ಶವನ್ನು ಪೆಟ್ಟೆಂದು ಎಣಿಸದಂತೆ ಆ ಯಂತ್ರಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರಂತೆ. ಇವರು ಕೋಲನ್ನು ಜೋಪಾನವಾಗಿ ಪ್ಯಾಡಿನ ಮೇಲಿಟ್ಟು ಎದ್ದರು. ಕೆಳಗಿಳಿದ ಮೇಲೆ ಎರಡು ದಿನ ಚಹಾ ಬೇಕೋ ಬೇಡವೋ ಎಂಬುದನ್ನೂ ತಲೆಯಾಡಿಸಿಯೇ ತಿಳಿಸಿದರು.

ಭಾನುವಾರ ನಫೀಸಾ ಆ ವೃಕ್ಷದ ಕೊಂಬೆಗಳನ್ನೆಲ್ಲ ಕಳಚಿ, ಮೂರು ಸಲ ಹತ್ತಿಳಿದು, ಬಿಸಿಲು ಬರುವ ನಮ್ಮ ಹಿಂದಿನ ಕೋಣೆಯಲ್ಲಿ ತಂದು ಜೋಡಿಸಿದಳು. "ಈ ಡ್ರಮ್ಸಿನ ಪೆಟ್ಟಿಗ್ಯಾಗಿನ ಸದ್ದ ಬ್ಯಾಡ್ರಿ ಆಂಟಿ. ಇದನ್ನ ನಿಮ್ಮ ಕಂಪ್ಯೂಟರಿಗೆ ಜೋಡಿಸೂಣು. ಅದರಾಗ ಖರೇ ಡ್ರಮ್ಸ್ ಹೊಡದು ರೆಕಾರ್ಡ್ ಮಾಡಿದ ಸದ್ದು ಹಾಕ್ತೀನಿ. ಎಂಥಾ ಹೊಡತಕ್ಕ ಎಷ್ಟು ಸದ್ದು ಅನ್ನೂದು ನಮ್ಮ ಕೈಯಾಗ," ಎಂದಳು.

ನನ್ನ ಕಂಪ್ಯೂಟರು ಅಲ್ಲಿಯವರೆಗೆ ಪ್ರಶ್ನೆಪತ್ರಿಕೆಗಿಂತ ಹೆಚ್ಚಿನ ಗದ್ದಲವನ್ನು ಕಂಡದ್ದಲ್ಲ. ನಾನು ಸಹಾಯಕಿ. ಡ್ರಮ್ಸಿನ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಗುವ ತಂತಿಗೆ ಎರಡು ತುದಿ. ಒಂದರ ಮೇಲೆ 'ಇನ್' ಎಂದೂ ಇನ್ನೊಂದರ ಮೇಲೆ 'ಔಟ್' ಎಂದೂ ಬರೆದಿತ್ತು. ಪೆಟ್ಟಿಗೆಯ 'ಔಟ್' ತೂತಿಗೆ 'ಔಟ್' ತುದಿಯನ್ನು ಸೇರಿಸಿ ವ್ಯಾಕರಣಬದ್ಧವಾಗಿಯೇ ನಡೆದುಕೊಂಡೆ. ಅರ್ಧ ಗಂಟೆ ಕವಡೆಯಷ್ಟೂ ಸದ್ದಿಲ್ಲ. ಒಂದರಿಂದ ಹೊರಟದ್ದು ಇನ್ನೊಂದರ ಒಳಗೆ ಹೋಗಬೇಕಾದ್ದರಿಂದ 'ಔಟ್' ತೂತಿಗೆ 'ಇನ್' ತುದಿಯನ್ನೇ ಚುಚ್ಚಬೇಕೆಂದು, ಅಂದರೆ ಪಂಚಮಿಯ ಮನೆಗೆ ಸಪ್ತಮಿಯನ್ನು ಕಳಿಸಬೇಕೆಂದು ಯಾವ ವೈಯಾಕರಣನೂ ನನಗೆ ಹೇಳಿರಲಿಲ್ಲ. ಅದು ಸರಿಹೋಯಿತೆನ್ನುವಾಗ ಪೆಡಲು ತುಳಿದರೆ ಕಂಚಿನ ತಟ್ಟೆಯ ಸಿಂಬಲ್ ಝಣಗುಟ್ಟಿತು, ಸಿಂಬಲ್ ಹೊಡೆದರೆ ಯಾರೋ ಸೀಟಿ ಊದಿದರು. ಯಾವ ಪ್ಯಾಡಿನದು ಯಾವ ಸದ್ದೆಂದು ಕಂಪ್ಯೂಟರಿಗೆ ಒಂದೊಂದಾಗಿ ಪರಿಚಯ ಮಾಡಿಸಿದ್ದಾಯಿತು. ಕೊನೆಗುಳಿದದ್ದು ವಿಳಂಬ. ಈಗ ಹೊಡೆದರೆ, ಸದ್ದು ಒಂದು ಯೋಚನೆ ಮಾಡಿ ಆಮೇಲೆ ಬರುತ್ತಿತ್ತು. ತಾಳಕ್ಕೂ 'ತಾಳು' ಎನ್ನುವುದಕ್ಕೂ ಕನ್ನಡದಲ್ಲಿ ಇರುವ ಅಂತರ ಇಷ್ಟೇ ಅಲ್ಲವೇ ಎಂದು ನಾನು ಚಮತ್ಕಾರ ಮಾಡಿದೆ, ಇಬ್ಬರೂ ನಗಲಿಲ್ಲ. ನಫೀಸಾ ಏನನ್ನೋ ಅಂತರ್ಜಾಲದಿಂದ ಇಳಿಸಿ, ಏನನ್ನೋ ಚಿಕ್ಕದು ಮಾಡಿ, ಪೆಟ್ಟನ್ನೂ ಸದ್ದನ್ನೂ ಒಂದುಗೂಡಿಸಿದಳು. ಕಟ್ಟಕಡೆಗೆ ಬಲಬದಿಯ ಪ್ಯಾಡು ಎಷ್ಟು ಮೆಲ್ಲಗಿನ ಸ್ಪರ್ಶಕ್ಕೂ ಓಗೊಡುವಂತೆ ಮಾಡಿ, "ಬರ್ರಿ ಅಂಕಲ್," ಎಂದಳು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಇವರು ಬಂದು ಕುಳಿತರು. ಬಲಗೈ ಎದ್ದಿತು, ಬಿದ್ದಿತು. 'ಠಣ್' ಎಂದಿತು ಕೋಣೆ. ಕಿಟಕಿಯ ಪಾರಿವಾಳ ಹಾರಿಹೋಯಿತು.

ನನ್ನ ಕಣ್ಣು ತುಂಬಿತ್ತು. ಇವರ ಮುಖ ಮಾತ್ರ ಗಂಟಿಕ್ಕಿತು. "ಇದು ನಾನು ಹೊಡೆದಿದ್ದಲ್ಲ. ನನ್ನ ಕೈಯಲ್ಲಿ ಇಷ್ಟು ಕಸುವಿಲ್ಲ. ಭಿಕ್ಷೆ ಇದು."

ನಫೀಸಾ ಹೆದರಲಿಲ್ಲ. "ಅಂಕಲ್, ನಿಮ್ಮ ಆರ್ಕೆಸ್ಟ್ರಾದಾಗ ಹಾಡೋರು ಮೈಕ್ ಹಿಡಕೊಂಡೇ ಹಾಡ್ತಿದ್ರಲ್ಲ? ಅದಕ್ಯಾರರೆ ಭಿಕ್ಷಾ ಅಂದ್ರೇನು? ನಿಮ್ಮ ಖರೇ ಪೆಟ್ಟು ಎಷ್ಟಂತ ಬೇಕಾದ್ರ ಇಲ್ಲಿ ನೋಡ್ರಿ." ಪರದೆಯ ಮೂಲೆಯಲ್ಲಿ ಒಂದು ಅಂಕಿ ಮೂಡಿತ್ತು. ಪ್ರತಿ ಪೆಟ್ಟಿನ ಬಲವನ್ನೂ ಒಂದರಿಂದ ನೂರ ಇಪ್ಪತ್ತೇಳರೊಳಗಿನ ಅಂಕಿಯಾಗಿ ಪೆಟ್ಟಿಗೆ ಕಳಿಸುತ್ತದಂತೆ. ಸದ್ದನ್ನು ಹಿಗ್ಗಿಸುವುದು ಆಮೇಲೆ, ಕಂಪ್ಯೂಟರಿನೊಳಗಿನ ಮಾತು. ಇವರ ಬಲಗೈಗೆ ಒಂಬತ್ತು ಬಂದಿತ್ತು.

"ಒಂಬತ್ತು," ಎಂದರು ಇವರು. ಡಾಕ್ಟರುಗಳು 'ಪರವಾಗಿಲ್ಲ', 'ಸುಧಾರಿಸ್ತಿದೆ' ಎನ್ನುತ್ತಲೇ ಬಂದಿದ್ದರು. ನಿಜ ಹೇಳಿದವರು ಯಾರೂ ಇರಲಿಲ್ಲ. ಸದ್ದು ಎಷ್ಟಾದರೂ ದೊಡ್ಡದಿರಲಿ, ಅಂಕಿಯನ್ನು ಮಾತ್ರ ಯಾರೂ ಮುಟ್ಟಕೂಡದು ಎಂದು ಕರಾರು ಹಾಕಿದರು. ಮರುದಿನದಿಂದ ಬೆಳಗಿನ ಬಿಸಿಲು ಕೋಣೆಗೆ ಇಳಿಯುವ ಹೊತ್ತಿಗೆ ಸ್ಟೂಲಿನ ಮೇಲೆ ಹಾಜರು. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತಿದ್ದ ಚೌಕಗಳಲ್ಲಿ, ಎಡಗೈಯ ಸೊಟ್ಟ ಅಕ್ಷರದ ಅಂಕಿಗಳು ಮೂಡತೊಡಗಿದವು: ಹನ್ನೊಂದು, ಹತ್ತು, ಹದಿನಾಲ್ಕು. ಹೆದ್ದಾರಿಯ ಕನಸಿಲ್ಲದ, ಗಲ್ಲಿಗಲ್ಲಿ ಸುತ್ತುವ ರಿಕ್ಷಾದಂತೆ ಅವು ಹತ್ತೊಂಬತ್ತಕ್ಕೆ ಬಂದು ನಿಂತವು. ಎರಡು ವಾರ ಅಲ್ಲಿಂದ ಅಲುಗಲಿಲ್ಲ. ಹದಿನೈದನೆಯ ದಿನ ಇವರು ಕೋಲನ್ನು ಕೆಳಗಿಟ್ಟು, "ಬಹುಶಃ ಇಷ್ಟೇ ಕಣೇ," ಎಂದರು.

ಈಗ ನನ್ನ ಅಪರಾಧದ ವಿಷಯ. ಮೂವತ್ತೈದು ಬಂದರೆ ಪಾಸಾಗುವ ಪರೀಕ್ಷೆಯಲ್ಲಿ ಮೂವತ್ನಾಲ್ಕು ಕೊಟ್ಟು ನಿದ್ದೆಗೆಡದವಳು ನಾನು. ಕೃಪಾಂಕವೆಂಬ ಶಬ್ದ ನನ್ನ ನಿಘಂಟಿನಲ್ಲಿಲ್ಲ ಎಂದು ಮೂರು ತಲೆಮಾರಿನ ವಿದ್ಯಾರ್ಥಿಗಳು ಸಾಕ್ಷಿ ಹೇಳುತ್ತಾರೆ. ಅಂಥವಳು, ಇವರು ಸ್ನಾನಕ್ಕೆ ಹೋಗಿದ್ದಾಗ, ನಫೀಸಾ ಮಾಡುವುದನ್ನು ನೋಡಿ ಕಲಿತಿದ್ದಂತೆ ಪೆಟ್ಟಿಗೆಯ ಗುಂಡಿಯೊತ್ತಿ ಬಲಬದಿಯ ಪ್ಯಾಡಿನ ಸೂಕ್ಷ್ಮತೆಯನ್ನು ನಾಲ್ಕು ಮನೆ ಮೇಲೇರಿಸಿದೆ. ಅಂದು ಇಪ್ಪತ್ತೆಂಟು ಬಂತು. ಮಾರನೆಯ ದಿನ ಮೂವತ್ತು. ಇವರು ಸೊಪ್ಪಿನ ಭಯ್ಯಾನನ್ನು ಬಾಲ್ಕನಿಯಿಂದ ಕೂಗಿ ಕರೆದು ಮಾತಾಡಿಸಿದರು, ಹಳೆಯ ಹಾಡೊಂದನ್ನು ಗುನುಗಿದರು. ಸುಳ್ಳು ಇಷ್ಟು ಒಳ್ಳೆಯ ಔಷಧವಾಗಿರುವಾಗ ಸತ್ಯಕ್ಕೆ ಯಾಕಿಷ್ಟು ಪ್ರಚಾರವೋ ಎಂದುಕೊಂಡೆ.

ಮೂರನೆಯ ದಿನ ಅಡಿಗೆಮನೆಯ ನೆಲದಲ್ಲಿ ಕುಳಿತು ಕುಟ್ಟಾಣಿಯಲ್ಲಿ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದೆ. ನಾನು ಒಂದು ಪೆಟ್ಟು ಹಾಕಿದರೆ ಗೋಡೆಯಾಚೆ ಡ್ರಮ್ ಒಮ್ಮೆ 'ಠಣ್' ಎನ್ನುತ್ತಿತ್ತು. ಎರಡು ಹಾಕಿದರೆ ಎರಡು. ಜಜ್ಜುವುದನ್ನು ನಿಲ್ಲಿಸಿದೆ, ಡ್ರಮ್ಮೂ ನಿಂತಿತು. ಇವರು ಕೈಯಲ್ಲಿ ಕೋಲೂ ಇಲ್ಲದೆ ಬಾಗಿಲಿಗೆ ಬಂದು ನಿಂತರು.

"ನೆಲ ಅದುರಿದ್ರೂ ಸದ್ದು ಬರೋ ಹಾಗೆ ಮಾಡಿದ್ದೀಯ. ಎಷ್ಟು ಏರಿಸಿದೆ?"

"ನಾಲ್ಕು," ಎಂದೆ.

ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹೋಗಿ ಕ್ಯಾಲೆಂಡರಿನ ಎರಡು ಚೌಕಗಳನ್ನು ಹೊಡೆದುಹಾಕಿದರು. ಬೆಳಗಿನ ಬಿಸಿಲು ಬಂದು ಹೋಗುತ್ತಿತ್ತು, ಸ್ಟೂಲು ಖಾಲಿ. ಎರಡನೆಯ ದಿನ ನಾನೇ ಆ ಕೋಣೆಗೆ ಹೋಗಿ, ಕಿಟಕಿಯ ಬಳಿ ಕುಳಿತಿದ್ದ ಅವರ ಎದುರು ನೆಲದ ಮೇಲೆ ಕುಳಿತೆ. "ನೀವು 'ಇಷ್ಟೇ' ಅಂದ್ರಲ್ಲ, ಹೆದರಿಕೆ ಆಯ್ತು ರೀ. ಕೈ ವಿಷಯಕ್ಕಲ್ಲ. ನೀವು ಮತ್ತೆ ಮಾತು ನಿಲ್ಲಿಸಿಬಿಡ್ತೀರಿ ಅಂತ," ಎಂದೆ. ಆಸ್ಪತ್ರೆಯ ದಿನಗಳಲ್ಲೂ ನಾನು ಈ ಮಾತನ್ನು ಅವರಿಗೆ ಹೇಳಿರಲಿಲ್ಲ. ಧೈರ್ಯಸ್ಥೆಯ ಪಾತ್ರದಲ್ಲಿ ಅಷ್ಟು ಮಗ್ನಳಾಗಿದ್ದೆ.

ಕಿಟಕಿಯಿಂದ ಮುಖ ತಿರುಗಿಸಿ, "ನನಗೂ ಹೆದರಿಕೆ ಇತ್ತು," ಎಂದರು. ಆಮೇಲೆ ಎಡಗೈಯಿಂದ ಪೆಟ್ಟಿಗೆಯ ಕಡೆ ತೋರಿಸಿ, "ಏಳು. ನಾಲ್ಕು ಮನೆ ಇಳಿಸು. ಇಳಿಸಿ ನೀನೊಂದು ಸಲ ಹೊಡಿ, ನೋಡೋಣ."

ಇಳಿಸಿದೆ. ಹುಟ್ಟಾ ಗಟ್ಟಿಯಾಗಿರುವ ನನ್ನ ಬಲಗೈಯಿಂದ, ಯಾರಿಗಾದರೂ ನೋವಾದೀತೋ ಎಂಬಂತೆ, ಪ್ಯಾಡನ್ನು ಮುಟ್ಟಿದೆ. ಪರದೆಯ ಮೇಲೆ ಹದಿನಾಲ್ಕು.

"ಫೇಲು!" ಎಂದರು. ಅವರು ನಕ್ಕ ರಭಸಕ್ಕೆ ನಾನೂ ನಕ್ಕೆ. ಕೈಗೆ ಬೇಕಾದದ್ದು ಬರೀ ಕಸುವಲ್ಲ, ಹೊಡೆಯುತ್ತೇನೆಂಬ ಎದೆಗಾರಿಕೆಯೂ ಹೌದು ಎಂದು ನನ್ನ ಅಂಕಪಟ್ಟಿಯಿಂದ ಅವರಿಗೆ ಹೊಳೆದಿರಬೇಕು. ಆ ವಾರ ಇಪ್ಪತ್ತೆರಡು ಬಂತು, ನನ್ನ ಕೃಪೆಯಿಲ್ಲದೆ. ಹೋಳಿಯ ಹೊತ್ತಿಗೆ ನಲವತ್ತು.

ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ನಫೀಸಾ ನಮ್ಮಿಬ್ಬರನ್ನೂ ತನ್ನ ಪುಟ್ಟ ಕಾರಿನಲ್ಲಿ ಘಾಜಿಯಾಬಾದಿಗೆ ಕರೆದೊಯ್ದಳು. ಅಲ್ಲಿ ಅವಳ ಗೆಳೆಯರು, ನಮ್ಮ ಕಡೆಯವರೇ ನಾಲ್ಕೈದು ಮಂದಿ ನೌಕರಿಯವರು, ಒಂದು ಶಾಲೆಯ ಸಭಾಂಗಣದಲ್ಲಿ ಸೇರಿ ಹಾಡುತ್ತಿದ್ದರು. ಶಾಲೆಯದೇ ಒಂದು ಹಳೆಯ ಡ್ರಮ್ ಸೆಟ್ ಇತ್ತು. ನಿಜವಾದದ್ದು, ತಂತಿಯಿಲ್ಲದ್ದು, ಯಾವ ಗುಂಡಿಯೊತ್ತಿದರೂ ಪೆಟ್ಟನ್ನು ಹಿಗ್ಗಿಸದಂಥದ್ದು. "ಅಂಕಲ್, ಕೂಡ್ರಿ," ಎಂದಳು ನಫೀಸಾ. ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಹಾಡು ಶುರುವಾಯಿತು. ಹಾಡುತ್ತಿದ್ದವನು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಅನಿಲ. ಹಾಲು ಕೂಗಿ ಮಾರುವವರಿಗೂ ಅಸೂಯೆ ಹುಟ್ಟಿಸುವಂಥ ಕಂಠ. ಇವರ ಎಡಗೈ ಕೇಳಿಸಿತು, ಕಾಲು ಕೇಳಿಸಿತು. ಬಲಗೈ ಏಳುತ್ತ ಬೀಳುತ್ತ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಸಿಗುತ್ತಿರಲಿಲ್ಲ. ಆಗ ಗಿಟಾರಿನವಳು, ಯಾರೂ ಹೇಳದಿದ್ದರೂ, ತನ್ನ ಸದ್ದನ್ನು ಅರ್ಧಕ್ಕೆ ಇಳಿಸಿದಳು. ಕೀಬೋರ್ಡಿನವನು ಅವಳ ಕಡೆ ನೋಡಿ ತಾನೂ ಇಳಿಸಿದ. ಅನಿಲ ಮೈಕನ್ನು ಪಕ್ಕಕ್ಕಿಟ್ಟು, ಎದುರಿಗಿದ್ದವರಿಗೆ ಗುಟ್ಟು ಹೇಳುವಷ್ಟು ಮೆಲ್ಲಗೆ ಹಾಡತೊಡಗಿದ. ಸದ್ದುಗಳೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದ ಮೇಲೆ, ಆ ಬಲಗೈ ಅವುಗಳ ನಡುವೆ ಬಂದು ನಿಂತಿತು: ಸಣ್ಣ, ಒರಟು, ಆದರೆ ಹೊತ್ತಿಗೆ ಸರಿಯಾಗಿ. ನಾನು ಜನ್ಮವಿಡೀ ಶಬ್ದವನ್ನು ಪಾಠ ಮಾಡಿದವಳು. ಅದು ಕೇಳಿಸುವುದರಲ್ಲಿ ಕೇಳುವವರ ಪಾಲೆಷ್ಟೆಂಬುದನ್ನು ಆ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕಲಿತೆ.

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಹಾಡು ಯಾವುದೆಂದು ಚರ್ಚೆಗಿಳಿದರು. ಅದೇ ಇವರಿಗೆ ಬೇಕಾಗಿದ್ದ ಮರ್ಯಾದೆ. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕುಳಿತಿದ್ದವರು ಯಮುನೆಯ ನಾಲೆಯ ಹತ್ತಿರ ಕಣ್ಣು ತೆರೆದರು.

"ನಫೀಸಾ, ಆ ಅನಿಲನಿಗೆ ಒಂದು ಮಾತು ಹೇಳಮ್ಮ."

"ಏನ್ರಿ ಅಂಕಲ್?"

"ಮುಂದಿನ ವಾರ ಸ್ವಲ್ಪ ಜೋರಾಗೇ ಹಾಡಲಿ."