ಎತ್ತರದಿಂದ ಸುರಿದ ನೀರು

ಮೊನ್ನೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಕಿರಾಣಿ ಅಂಗಡಿಯಲ್ಲಿ ಯಾರೋ ಕಾರ್ಬಾಲಿಕ್ ಸೋಪಿನ ಪೆಟ್ಟಿಗೆ ಬಿಚ್ಚಿದರು. ಆ ಕಟುವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗಿನ ಆಟೋಗಳ ಗದ್ದಲ ಎಲ್ಲೋ ದೂರ ಸರಿಯಿತು. ಬಿಸಿನೀರಿನ ಹಬೆಯ ಆಚೆ ಒಂದು ಮುಖ ತೇಲಿ ಬಂತು. ಬಿಸಿಲಿಗೆ ಕೆಂಪಾದ ಮೂಗು, ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಬಣ್ಣದ ಹುಬ್ಬು… ಅವರನ್ನು ನಾವು ಸಿಸ್ಟರ್ ಎನ್ನುತ್ತಿದ್ದೆವು.

ಪೊಲೀಸ್ ಕಾರ್ಯಾಚರಣೆ ಮುಗಿದು ಮೂರನೆಯ ವರ್ಷವಿರಬೇಕು. ನಿಜಾಮರ ಆಳ್ವಿಕೆ ಹೋಗಿತ್ತು, ಹೈದರಾಬಾದ್ ರಾಜ್ಯ ಇನ್ನೂ ಇತ್ತು. ಸಿಸ್ಟರ್ ಡೆನ್ಮಾರ್ಕಿನಿಂದ ತಾವಾಗಿಯೇ ಬಂದ ನರ್ಸ್. ಗಾಜಿಪುರ ಓಣಿಯಲ್ಲಿ ನಮ್ಮ ಮನೆಯ ಎದುರಿಗೆ ಒಂದು ಕೋಣೆ ಹಿಡಿದಿದ್ದರು. ಹಳ್ಳಿಯ ಸೂಲಗಿತ್ತಿಯರಿಗೆ ಶುಚಿಯಾಗಿ ಹೆರಿಗೆ ಮಾಡಿಸುವುದನ್ನು ಕಲಿಸುವುದು ಅವರ ಕೆಲಸ. ನಾನು ಮೆಟ್ರಿಕ್ ಮುಗಿಸಿದ್ದೆ, ಇಂಗ್ಲಿಷ್ ಬರುತ್ತಿತ್ತು. ಅವರ ಮಾತನ್ನು ಕನ್ನಡಕ್ಕೆ, ಹೆಂಗಸರ ಮಾತನ್ನು ಇಂಗ್ಲಿಷಿಗೆ ದಾಟಿಸುವುದು ನನ್ನ ಪಾಲಿಗೆ ಬಂತು. ನಾನು ವರದಿಗಾರ್ತಿಯಾಗಿ ಪತ್ರಿಕೆಯ ಕಚೇರಿ ಸೇರಿದ್ದು ಎಷ್ಟೋ ಆಮೇಲೆ.

ವಾರಕ್ಕೆ ಮೂರು ದಿನ ಬೆಳಗಿನ ಮೋಟಾರು ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದೆವು. ದಾರಿಯ ಎರಡೂ ಬದಿಗೆ ಜೋಳದ ಹೊಲ, ಅದರ ಮೇಲೆ ಇನ್ನೂ ಎದ್ದಿರದ ಮಂಜು… ಸಿಸ್ಟರ್ ಕಿಟಕಿಗೆ ಹಣೆ ಆನಿಸಿ ತಮ್ಮೂರಿನ ಯಾವುದೋ ಹಾಡು ಗುನುಗುತ್ತಿದ್ದರು. ಪಾಠ ನಡೆಯುತ್ತಿದ್ದುದು ಸಾಲೆಯ ಕೋಣೆಯಲ್ಲಿ. ಕೈಯನ್ನು ಮೊಣಕೈವರೆಗೆ ಸೋಪು ಹಚ್ಚಿ ಕಾಸಿದ ನೀರಲ್ಲಿ ತೊಳೆಯಬೇಕು, ಹೊಕ್ಕುಳಬಳ್ಳಿ ಕುಯ್ಯುವ ಮುನ್ನ ಬ್ಲೇಡನ್ನು ಕುದಿಸಬೇಕು. ಇಲ್ಲದಿದ್ದರೆ ಕೂಸು ಎಂಟು ದಿನದೊಳಗೆ ಬಿಲ್ಲಿನಂತೆ ಸೆಟೆದು ಸಾಯುತ್ತದೆ. ದಿನವೂ ಇದೇ ಪಾಠ.

ಹೆಂಗಸರು ಒಳಗೆ ಚಾಪೆಯ ಮೇಲೆ. ಒಬ್ಬಳು ಮಾತ್ರ ಬಾಗಿಲಾಚೆ ಮೆಟ್ಟಿಲ ಮೇಲೆ. ಮುಟ್ಟಬಾರದವರೆಂದು ಊರು ಹೊರಗಿಟ್ಟ ಕೇರಿಯವಳು. ಊರಿನ ಅರ್ಧಕ್ಕರ್ಧ ಜನ ಈ ಲೋಕ ಕಂಡದ್ದು ಅವಳ ಕೈಯಲ್ಲೇ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು.

"ಎಲ್ಲರಿಗಿಂತ ಚೆನ್ನಾಗಿ ಕಲಿಯುವವಳು ಹೊರಗೇಕೆ ಕೂಡುತ್ತಾಳೆ?" ಎಂದು ಸಿಸ್ಟರ್ ಕೇಳಿದರು.

ನಮ್ಮೂರ ಮಾನ ಕಾಯುವವಳ ಹಾಗೆ ನಾನು ಸುಳ್ಳು ಹೇಳಿದೆ. ತಂಬಾಕು ತಿನ್ನುತ್ತಾಳೆ, ಉಗುಳಲು ಅನುಕೂಲವೆಂದು ಅಲ್ಲಿ ಕೂಡುತ್ತಾಳೆ, ಎಂದೆ.

ಸಿಸ್ಟರ್ ನೇರ ಬಾಗಿಲಿಗೆ ಹೋದರು. ತಂಬಾಕು ಬಿಟ್ಟು ಒಳಗೆ ಬಾ ಎಂದು ಗದರಿದರು. ಆ ಗದರಿಕೆಯನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಒಳಗಿನವರು ನಕ್ಕರು. "ಏ ಆಯಿ, ಯಾವಾಗ ಹಚ್ಚಿದಿ ತಂಬಾಕ? ನಮಗೂ ಒಂದ್ ಚಿಟಿಕಿ ಕೊಡು!" ಎಂದಳೊಬ್ಬಳು. ಏನೂ ತಿಳಿಯದೆ ಸಿಸ್ಟರ್ ಕೂಡ ನಕ್ಕರು.

ಆಯಿ ನನ್ನನ್ನೇ ನೋಡಿದಳು. "ಆತು ತಂಗಿ, ಬಿಡ್ತಾಳಂತ ಅನ್ನು. ತಿನ್ನದ ತಂಬಾಕ ಬಿಡಾಕ ಏನ್ ತ್ರಾಸ ಅದ?"

"ಬಿಡುತ್ತಾಳಂತೆ" ಎಂದಷ್ಟೇ ಸಿಸ್ಟರಿಗೆ ಹೇಳಿದೆ. ಆದರೂ ಅವಳು ಒಳಗೆ ಬರಲಿಲ್ಲ. ಸಿಸ್ಟರ್ ಪ್ರತಿ ಸಲವೂ ಗದರಿದರು, ನಾನು ಪ್ರತಿ ಸಲವೂ ದಾಟಿಸಿದೆ.

ಒಂದು ಮಧ್ಯಾಹ್ನ ಪಾಠದ ನಡುವೆಯೇ ಗೌಡರ ಮನೆಯಿಂದ ಆಯಿಗೆ ಕರೆ ಬಂತು. ಸೊಸೆಗೆ ಬೇನೆ ಎದ್ದಿತ್ತು. ಹಿಂದಿನ ಎರಡು ಕೂಸುಗಳೂ ಎಂಟು ದಿನ ದಾಟಿರಲಿಲ್ಲ. ನಾವೂ ಹೋದೆವು, ಹಿತ್ತಲ ಬಾಗಿಲಿನಿಂದ. ಆಯಿ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಕೈ ಚಾಚಿ ನಿಂತಳು. ಎರಡು ಹೆಜ್ಜೆ ಆಚೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಗೌಡ್ತಿ, ಕಾಸಿದ ನೀರು ಹಾಕಸ್ರಿ."

"ದನದ ಬಾನ್ಯಾಗ ನೀರದ, ಅಲ್ಲೇ ತೊಳ್ಕೊ. ಎರಡ್ ಹೆರಿಗಿಗೆ ಬ್ಯಾಡಾಗಿದ್ದು ಈಗ್ಯಾಕ? ದೊಡ್ಡ ಸಾಲಿ ಕಲ್ತ್ಯಾ?"

"ಆ ಎರಡೂ ಉಳೀಲಿಲ್ಲಲ್ರಿ," ಎಂದಳು ಆಯಿ, ಕೈ ಇಳಿಸದೆ.

ನೀರು ಅಲ್ಲೇ ಇರುವಾಗ ಅವಳೇಕೆ ತೆಗೆದುಕೊಳ್ಳುವುದಿಲ್ಲ ಎಂದು ಸಿಸ್ಟರ್ ಕೇಳಿದರು. ಒಳಗೆ ಸೊಸೆ ನರಳುತ್ತಿದ್ದಳು. ಸುಳ್ಳು ಹೊಸೆಯಲು ಹೊತ್ತಿರಲಿಲ್ಲ. "ಆ ಪಾತ್ರೆಯನ್ನು ಅವಳು ಮುಟ್ಟುವಂತಿಲ್ಲ. ಮೆಟ್ಟಿಲ ಮೇಲೆ ಕೂಡುವುದೂ ಅದಕ್ಕೇ," ಎಂದೆ.

ಸಿಸ್ಟರ್ ಒಲೆಯ ಮೇಲಿನ ನೀರು ತೋರಿಸಿ, "ಹಾಗಾದರೆ ನೀನು ಹಾಕು," ಎಂದರು.

ನಾನು ತಂಬಿಗೆಯಲ್ಲಿ ಬಿಸಿನೀರು ತೋಡಿ, ಕೈ ತಡೆಯುವಷ್ಟು ಆರಿಸಿ, ಸುರಿದೆ. ಎತ್ತರದಿಂದ ಸುರಿದೆ… ಕೇರಿಯವರಿಗೆ ನಮ್ಮ ಅವ್ವ ಸುರಿಯುತ್ತಿದ್ದ ಹಾಗೆ, ತಂಬಿಗೆ ಎಲ್ಲಿಯೂ ತಾಗದ ಹಾಗೆ. ಹಾಗೆ ಸುರಿಯುತ್ತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದರು, ತಂಬಿಗೆಯ ಬಾಯಿ ಆಯಿಯ ಬೆರಳಿಗೆ ತಾಗುವವರೆಗೆ. ಗೌಡ್ತಿ ಗೋಡೆಯ ಕಡೆ ಮುಖ ತಿರುಗಿಸಿದಳು, ಆದರೆ ಬೇಡ ಎನ್ನಲಿಲ್ಲ.

ಗಂಡು ಹುಟ್ಟಿತು. ಎಂಟು ದಿನ ಕಳೆಯಿತು. ಒಂಬತ್ತನೆಯ ದಿನವೂ ಹಾಲು ಕುಡಿಯಿತು. ಗೌಡರ ಮನೆಯವರು ತಂಬಿಗೆಯನ್ನು ಬೆಂಕಿಯಲ್ಲಿ ಕಾಯಿಸಿ ಮಡಿ ಮಾಡಿಕೊಂಡರೆಂದು ಕೇಳಿದೆ.

ಹೆರಿಗೆಯಾದ ದಿನ ಸಂಜೆ ಮೋಟಾರಿನಲ್ಲಿ ಸಿಸ್ಟರ್ ಹಾಡಲಿಲ್ಲ. "ಇಷ್ಟು ದಿನ ನಿನ್ನ ಬಾಯಿಂದ ನಾನು ಆಕೆಯನ್ನು ಬೈದೆ," ಎಂದರು. ಮುಂದಿನ ಪಾಠದ ದಿನ ಮೆಟ್ಟಿಲ ಮೇಲೆ ಆಯಿಯ ಪಕ್ಕ ಕುಳಿತು ಕ್ಷಮೆ ಕೇಳಿದರು. ಒಳಗಿನ ಇಬ್ಬರು ಎದ್ದು ಹೋದರು. ನಾನು ಒಂದು ಶಬ್ದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ.

"ತಂಬಾಕ ಬಿಡಿಸಿದ ಪುಣ್ಯ ಅವರಿಗೇ ಇರ್ಲಿ ಅನ್ನು," ಎಂದು ಆಯಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವರ ಮಾತು ಹೇಳಿದಿ. ನಿನ್ನ ಮಾತು ಯಾವಾಗ ಹೇಳ್ತಿ, ತಂಗಿ?"

ಏನೆಂದಳು, ಎಂದು ಸಿಸ್ಟರ್ ಕೇಳಿದರು. ಹರಸಿದಳು, ಎಂದೆ.

ಹೈದರಾಬಾದ್ ರಾಜ್ಯ ಒಡೆಯುವ ಮುಂಚೆಯೇ ಸಿಸ್ಟರ್ ತಮ್ಮ ದೇಶಕ್ಕೆ ಮರಳಿದರು. ಕೆಲವು ವರ್ಷ ಕಾಗದ ಬರುತ್ತಿದ್ದವು. ಕೊನೆಯದು ಅವರ ತಂಗಿ ಬರೆದದ್ದು, ಅವರಿಲ್ಲವೆಂದು. ವರದಿಗಾಗಿ ಕಮಲಾಪುರಕ್ಕೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಕೇರಿಯ ಕಡೆ ಸುಳಿಯದೆ, ಆ ಊರಿನ ಕೆಂಪು ಬಾಳೆಹಣ್ಣು ಕೊಂಡು, ಸುದ್ದಿಗೆ ಹೊತ್ತಾಯಿತೆಂದು ನನಗೇ ಹೇಳಿಕೊಂಡು, ಬಂದ ಬಸ್ಸಿಗೇ ಮರಳುತ್ತಿದ್ದೆ.

ನಿನ್ನೆ ಕೊನೆಗೂ ಆ ಕೇರಿಗೆ ಹೋದೆ. ಆಯಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ಮೊಮ್ಮಗಳು ಅಂಗಳದಲ್ಲಿ ಕುರ್ಚಿ ಹಾಕಿದಳು. ಅವಳಿಗೂ ಈಗ ನರೆಗೂದಲು. ನಿಮ್ಮ ಆಯಿಗೆ ಒಂದು ಮಾತು ಹೇಳುವುದು ಉಳಿದಿತ್ತು, ಎಂದೆ.

"ನನ್ನ ಮುಂದ ಹೇಳ್ರಿ."

ಹೇಳಿದೆ, ಮೊದಲಿನಿಂದ ಕೊನೆಯವರೆಗೆ.

"ನಮ್ಮ ಆಯಿ ತಂಬಾಕ ತಿಂತಿದ್ದಿಲ್ರಿ," ಎಂದಳು, ಅಷ್ಟೇ.

"ಇಲ್ಲ, ತಿನ್ನುತ್ತಿರಲಿಲ್ಲ," ಎಂದೆ… ಅದನ್ನು ನನ್ನ ಬಾಯಿಂದ ಕೇಳಬೇಕಾಗಿದ್ದ ಇಬ್ಬರೂ ಇಲ್ಲದ ಆ ಅಂಗಳದಲ್ಲಿ.