ಎರಡು ಬೆರಳಿನ ಉಪ್ಪು

ಸೂಪ್ ಪುಡಿಯ ಕಾರ್ಖಾನೆಯಲ್ಲಿ ಪ್ಯಾಕೆಟ್ಟುಗಳಿಗೆ ಸೀಲು ಹಾಕುತ್ತಿದ್ದ ಅವಳನ್ನು ಜೊತೆಯವರೆಲ್ಲ ‘ಇಂಗ್ಲಿಷಕ್ಕ’ ಎಂದು ಕರೆಯುತ್ತಿದ್ದರು. ಹೊಗಳುವುದಕ್ಕೇನಲ್ಲ, ಕಾಲೆಳೆಯುವುದಕ್ಕೆ. ಊಟದ ಬಿಡುವಿನಲ್ಲಿ ಉಳಿದವರು ಅವರಿವರ ಸಂಸಾರ ಜಾಲಾಡುತ್ತಿದ್ದರೆ, ಈಕೆ ಬಿಸ್ಕತ್ತಿನ ಕವರೋ ಸೋಪಿನ ಡಬ್ಬಿಯೋ ಕೈಗೆ ಸಿಕ್ಕಿದ್ದರ ಹಿಂಭಾಗವನ್ನು ತುಟಿ ಆಡಿಸುತ್ತ ಓದುತ್ತಿದ್ದಳು. ಹಾಗೆ ಓದಿ ಓದಿಯೇ ಕಲಿತ ಇಂಗ್ಲಿಷು ಅದು. ಅದಕ್ಕೆ ಅವಳಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ.

ಆಗ ಹೊಸ ಪುಡಿಯೊಂದು ತಯಾರಾಯಿತು. ಅದಕ್ಕೆ ಉಪ್ಪು ಹಾಕಿರಲಿಲ್ಲ, ಕುಡಿಯುವವರೇ ಮನೆಯಲ್ಲಿ ಹಾಕಿಕೊಳ್ಳಬೇಕು. ಪ್ಯಾಕೆಟ್ಟಿನ ಹಿಂದೆ ಅಚ್ಚಾಗುವ ಮಾಡುವ ವಿಧಾನವನ್ನು ಇಂಗ್ಲಿಷಿನಲ್ಲಿ ತಾನೇ ಬರೆಯುತ್ತೇನೆಂದು ಅವಳು ನೇರ ಯಜಮಾನರ ಮುಂದೆ ಹೋಗಿ ನಿಂತಳು. ಯಜಮಾನರು ನಕ್ಕರು, ಆದರೆ ಒಪ್ಪಿದರು. ಶನಿವಾರ ತಾವೇ ಅದನ್ನು ಓದಿಕೊಂಡು ಸೂಪ್ ಮಾಡುತ್ತಾರಂತೆ. ಬಾಯಿಗೆ ಹಿಡಿಸಿದರೆ ಇನ್ನು ಮುಂದೆ ಬರೆಯುವ ಕೆಲಸ ಅವಳದೇ. ಕೆಟ್ಟರೆ ಮತ್ತೆ ಸೀಲು ಹಾಕುವ ಮೆಷಿನ್ನು, ಇಂಗ್ಲಿಷಿನ ಮಾತು ಎತ್ತುವಂತಿಲ್ಲ.

ಮನೆಯಲ್ಲಿ ಅವಳ ಪರೀಕ್ಷೆಗೆ ಸಿಕ್ಕವರು ಮಾವ. ಗಾರೆ ಕೆಲಸ ಮಾಡಿ ಬಾಳಿದ ಮನುಷ್ಯ. ನಕ್ಷೆಯಲ್ಲಿದ್ದಷ್ಟೇ ಕಟ್ಟಿ ಅಭ್ಯಾಸ. ಅವಳು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುವುದು, ಅವರು ಮಾಡುವುದು, ನಡುವೆ ಅವಳು ತುಟಿ ಪಿಟಕ್ಕೆನ್ನಬಾರದು. ಆ ನಿಯಮ ಅವಳೇ ಮಾಡಿಕೊಂಡದ್ದು.

ಉಪ್ಪಿನ ಸಾಲಿನಲ್ಲಿ ‘ಎ ಪಿಂಚ್ ಆಫ್ ಸಾಲ್ಟ್’ ಎಂದು ಬರೆದಿದ್ದಳು. ಎಷ್ಟೋ ಪ್ಯಾಕೆಟ್ಟುಗಳ ಮೇಲೆ ಓದಿದ ಮಾತು, ಬೆರಳಿಟ್ಟು ತೋರಿಸುವಂಥ ತಪ್ಪೇನೂ ಇರಲಿಲ್ಲ. ‘ಒಂದು ಚಿಟಿಕೆ ಉಪ್ಪು’ ಎಂದು ಮಾವನಿಗೆ ಹೇಳಿದಳು. ಮಾವ ಡಬ್ಬಿಗೆ ಕೈಯಿಟ್ಟು, ಮರಳು ಹಿಡಿದು ನೋಡುವ ಹಾಗೆ ಐದೂ ಬೆರಳು ಕೂಡಿಸಿ ಎತ್ತಿ, ಬಟ್ಟಲಿಗೆ ಹಾಕಿದರು. ಅವರ ಪಾಲಿಗೆ ಚಿಟಿಕೆ ಎಂದರೆ ಅಷ್ಟು. ಅವಳ ಗಂಡ ಒಂದು ಗುಟುಕು ಕುಡಿದವನೇ ನೀರಿನ ಚೊಂಬಿಗೆ ಕೈ ಚಾಚಿದ.

“ನೀನು ಹೇಳಿದಷ್ಟೇ ಹಾಕಿದ್ನಲ್ಲಮ್ಮ,” ಎಂದರು ಮಾವ, ಮುಖ ಸಣ್ಣ ಮಾಡಿಕೊಂಡು.

“ನೀವು ಸರಿಯಾಗೇ ಹಾಕಿದ್ರಿ ಮಾವ. ನಾನೇ ಸರಿಯಾಗಿ ಹೇಳ್ಲಿಲ್ಲ.”

ಪ್ರಪಂಚವೆಲ್ಲ ಹಾಗೇ ಬರೆಯುತ್ತದೆ, ನಿನಗೇಕೆ ತಲೆನೋವು ಎಂದ ಗಂಡ. ಪ್ರಪಂಚದ ಸೂಪು ಪ್ರಪಂಚ ನೋಡಿಕೊಳ್ಳಲಿ, ನನ್ನ ಸೂಪು ನಾನು ನೋಡಿಕೊಳ್ಳುತ್ತೇನೆ ಎಂದು ರೇಗಿದಳು. ಒಲೆಯ ಪಕ್ಕದಲ್ಲೇ ಕೂತು ಆ ಸಾಲಿಗೆ ಇನ್ನೊಂದು ಮಾತು ಸೇರಿಸಿದಳು: ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯ ನಡುವೆ ನಿಲ್ಲುವಷ್ಟು ಮಾತ್ರ. ಮಾವ ಮತ್ತೆ ಮಾಡಿದರು. ಈ ಸಲ ಗಂಡ ಬಟ್ಟಲನ್ನು ಬೆರಳಿನಿಂದ ಬಳಿದ.

ಶನಿವಾರ ಕಾರ್ಖಾನೆಯ ಅಡುಗೆಕೋಣೆಯಲ್ಲಿ ಅವಳು ಗೋಡೆಗೆ ಒರಗಿ ನಿಂತಿದ್ದಳು. ಯಜಮಾನರ ಕೈ ಮಾವನ ಕೈಗಿಂತ ದೊಡ್ಡದು. ನೀರು ಕುದಿಯಿತು, ಪುಡಿ ಕರಗಿತು. ಆಮೇಲೆ ಆ ಕೈ ಉಪ್ಪಿನ ಡಬ್ಬಿಗೆ ಇಳಿಯಿತು, ಐದೂ ಬೆರಳು.

ಕೈ ಮೇಲೆ ಬಂದು ಅಲ್ಲೇ ನಿಂತಿತು. ಯಜಮಾನರು ಕನ್ನಡಕ ಸರಿಮಾಡಿಕೊಂಡು ಸಾಲನ್ನು ಮತ್ತೊಮ್ಮೆ ಓದಿದರು. ಹಿಡಿದದ್ದನ್ನೆಲ್ಲ ಡಬ್ಬಿಗೇ ಉದುರಿಸಿ, ಎರಡು ಬೆರಳ ತುದಿಯಲ್ಲಿ ಬೇರೆ ತೆಗೆದರು. ಅವರು ರುಚಿ ನೋಡುವ ಮೊದಲೇ ಅವಳ ಕಣ್ಣು ತುಂಬಿತು. ತಾನು ಬರೆದ ಒಂದು ಸಾಲು ಅಷ್ಟು ದೊಡ್ಡ ಕೈಯನ್ನು ತಡೆದಿತ್ತಲ್ಲ, ಆ ಹೆಮ್ಮೆ ಅವಳೊಳಗೆ ಹಿಡಿಸಲಾರದಷ್ಟಿತ್ತು. ಬಟ್ಟಲು ಬರಿದು ಮಾಡಿದ ಯಜಮಾನರು, ಸೋಮವಾರದಿಂದ ಆಫೀಸಿನ ಮೇಜಿಗೆ ಬಾ ಎಂದರು.

ಮಾವ ಮನೆಯ ಬಾಗಿಲಲ್ಲೇ ಕಾಯುತ್ತಿದ್ದರು. ಗೆದ್ದೆಯಾ ಎಂದು ಕೇಳಲು ಅವರಿಗೆ ಧೈರ್ಯ ಸಾಲಲಿಲ್ಲ.

“ಎಷ್ಟು ಬೆರಳಮ್ಮ?” ಎಂದರು.

ಅವಳು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಎತ್ತಿ ಹಿಡಿದಳು. ಸಂಜೆಯ ಹೊತ್ತಿಗೆ ಮಾವ ಬೀದಿಯಲ್ಲಿ ಸಿಕ್ಕವರಿಗೆಲ್ಲ ತಮ್ಮ ಎರಡು ಬೆರಳು ಕೂಡಿಸಿ ತೋರಿಸುತ್ತಿದ್ದರು. “ಇಂಗ್ಲಿಷಲ್ಲಿ ಇದಕ್ಕೆ ಪಿಂಚ್ ಅಂತಾರೆ. ನನ್ನ ಸೊಸೆ ಬರೆದಿದ್ದಾಳೆ.”